ನಿಂಬೆಹಣ್ಣು ನಿಂತ ಜಾಗ

ತೂಬಗೆರೆಯಲ್ಲಿ ಆಷಾಢ ಬಂತೆಂದರೆ ಮದುವೆ ಮುಂಜಿ ಇಲ್ಲ. ಇರುವುದು ಗಾಳಿ ಮತ್ತು ಅಪ್ಪಯ್ಯಣ್ಣನ ಬಲಗೈ. ಕೆರೆ ಕೋಡಿಯಿಂದ ಊರಾಚೆಯ ಅರಳಿಕಟ್ಟೆಯವರೆಗೆ ನಿಂಬೆಹಣ್ಣನ್ನು ಯಾರು ಕಡಿಮೆ ಎಸೆತದಲ್ಲಿ ಮುಟ್ಟಿಸುತ್ತಾರೋ ಅವರ ಊರು ಗೆದ್ದಂತೆ. ಸೋತ ಊರು ಗೆದ್ದವರಿಗೆ ಒಬ್ಬಟ್ಟಿನ ಊಟ ಹಾಕಬೇಕು. ಇಪ್ಪತ್ತು ವರ್ಷ ಪಕ್ಕದೂರು ಸಾಸಲಿನವರ ಒಬ್ಬಟ್ಟನ್ನು ನಮ್ಮೂರು ಪುಕ್ಕಟೆ ತಿಂದಿದೆ. ಹೊಸಕೋಟೆ, ನೆಲಮಂಗಲದ ಕಡೆಯವರು ಕೂಡ ಗಾಡಿ ಕಟ್ಟಿಕೊಂಡು ಬಂದು, ಎಲೆ ಅಡಿಕೆ ಕೊಟ್ಟು, ತಮ್ಮ ಪರವಾಗಿ ಎಸೆಯಲು ಅವನನ್ನು ಕರೆದೊಯ್ಯುತ್ತಿದ್ದರು.

ನಾನು ವೆಂಕಟರಾಯಪ್ಪ, ಅವನ ಕಾಲು. ಅಂದರೆ, ಅವನು ಎಸೆಯುವ ಮೊದಲೇ ಮುಂದೆ ಓಡಿ, ಹಣ್ಣು ಉರುಳಿ ನಿಂತ ಕಡೆ ಕಾಲಿಟ್ಟು ನಿಲ್ಲುವವನು. ಮುಂದಿನ ಎಸೆತ ಅಲ್ಲಿಂದಲೇ. ಮಿಕ್ಕವರೆಲ್ಲ ಎಸೆಯುವವನ ಹಿಂದೆ ನಡೆಯಬೇಕು. ಎದುರು ಪಕ್ಷದವರು ಮುಂದೆ ಬಂದು ಪರೀಕ್ಷೆ ಮಾಡುವ ಹಾಗಿಲ್ಲ. ಕಾಲಿಟ್ಟವನನ್ನು ನಂಬುವುದು ನಮ್ಮ ಕಡೆಯ ಪದ್ಧತಿ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅವನಿಗೆ ನಲವತ್ತೆಂಟು. ಹಿಂದಿನ ಆಷಾಢದಲ್ಲಿ ಗೆದ್ದದ್ದೇ ಕಷ್ಟದಲ್ಲಿ. ಈ ಸಲ ಮುನಿವೆಂಕಟಪ್ಪ ಎಸೆಯಲಿ, ಪ್ರಾಯದವನು ಎಂದು ಊರ ಹಿರಿಯರು ಹೇಳಿದ್ದಕ್ಕೆ ಅಪ್ಪಯ್ಯಣ್ಣ ಮುಖ ಊದಿಸಿಕೊಂಡು ಎರಡು ದಿನ ನನ್ನ ಜೊತೆಗೂ ಮಾತಾಡಲಿಲ್ಲ. ನಾನೇನು ಪಾಪ ಮಾಡಿದ್ದೆನೋ. ಕೊನೆಗೆ, ಇದೊಂದು ಸಲ ಬಿಡಿ, ಸೋತರೆ ಮತ್ತೆ ಹಣ್ಣು ಎಸೆಯುವುದಿಲ್ಲ ಎಂದು ಮಾತು ಕೊಟ್ಟು ಒಪ್ಪಿಸಿದ.

ಪಂದ್ಯದ ಬೆಳಿಗ್ಗೆ ಅವನ ಹೆಂಡತಿ ಸೊಣ್ಣಮ್ಮ ನನ್ನನ್ನು ಹಿತ್ತಲಿಗೆ ಕರೆದಳು. ಅವನ ಭುಜಕ್ಕೆ ಹರಳೆಣ್ಣೆ ತಿಕ್ಕಿ ತಿಕ್ಕಿ ತನ್ನ ಅಂಗೈ ಸವೆದುಹೋಯಿತೆಂದು ಮೊದಲು ನಗಾಡಿದಳು. ಆಮೇಲೆ ದನಿ ತಗ್ಗಿಸಿದಳು.

"ಅಟ್ಟದ ಮೇಲಿನ ಮಡಕೆ ಇಳಿಸೋಕೂ ಕೈ ಎತ್ತಕ್ಕಾಗಲ್ಲಣ್ಣ ಅವ್ರಿಗೆ. ಹತ್ತು ಜನದ ಮುಂದೆ ಅವಮಾನ ಆಗ್ದಂಗೆ ನೋಡ್ಕೊಳ್ಳಣ್ಣ."

ಸಾಸಲಿನವರು ಮೊದಲು ಎಸೆದು ಇಪ್ಪತ್ತೈದಕ್ಕೆ ಕಟ್ಟೆ ಮುಟ್ಟಿಸಿದರು. ಸಮವಾದರೆ ಮೊದಲು ಎಸೆದವರದೇ ಗೆಲುವು, ಹಾಗಾಗಿ ನಾವು ಇಪ್ಪತ್ತನಾಲ್ಕರಲ್ಲಿ ಮುಟ್ಟಿಸಬೇಕು. ಹದಿನೈದರವರೆಗೆ ಪರವಾಗಿಲ್ಲ ಅನ್ನುವ ಹಾಗೆ ಹೋಯಿತು. ಹದಿನಾರನೆಯದು ನಾನು ಕಾಯುತ್ತಿದ್ದ ಜಾಗಕ್ಕೆ ಬರಲೇ ಇಲ್ಲ. ಹಿಂದಕ್ಕೆ ಓಡಿದೆ. ಹಣ್ಣು ಹುಲ್ಲಿನಲ್ಲಿ ಬಿದ್ದಿತ್ತು. ದೂರದಲ್ಲಿ ಅವನು ಎಡಗೈಯಿಂದ ಭುಜ ಹಿಡಿದುಕೊಂಡು ನಿಂತಿದ್ದ. ಹಣ್ಣನ್ನು ಎತ್ತಿಕೊಂಡು ಒಂದು ಹೆಜ್ಜೆ ಮುಂದೆ ಕಾಲಿಟ್ಟೆ.

ಇಪ್ಪತ್ತು ವರ್ಷದಲ್ಲಿ ಎಂದೂ ಮಾಡಿರಲಿಲ್ಲ. ಆಮೇಲೆ ಪ್ರತಿ ಎಸೆತಕ್ಕೂ ಒಂದೊಂದು ಹೆಜ್ಜೆ ಕದ್ದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ; ಅವನು ಬಂದು ಹಣ್ಣು ಇಸಿದುಕೊಳ್ಳುವಾಗಲೆಲ್ಲ ನಾನು ಆಕಾಶ ನೋಡುತ್ತಿದ್ದೆ.

ಇನ್ನುಳಿದದ್ದು ಕೊನೆಯ ಎಸೆತ. ನಾನು ನಿಂತ ಜಾಗದಿಂದ ಕಟ್ಟೆ ಅವನ ಎಸೆತಕ್ಕೆ ಎಟುಕುವಷ್ಟೇ ದೂರದಲ್ಲಿತ್ತು. ಅವನು ಹಣ್ಣು ಇಸಿದುಕೊಂಡ, ನನ್ನ ಕಾಲನ್ನು ನೋಡಿದ, ತಿರುಗಿ ಹಿಂದಕ್ಕೆ ನಡೆದ. ಒಂದು, ಎರಡು, ಮೂರು. ಸರಿಯಾಗಿ ಎಂಟು ಹೆಜ್ಜೆ. ನಾನು ಕದ್ದದ್ದೂ ಎಂಟೇ.

ಅಲ್ಲಿಂದ ಎಸೆದ. ಹಣ್ಣು ಕಟ್ಟೆಗೆ ನಾಲ್ಕು ಹೆಜ್ಜೆ ಈಚೆಗೇ ನಿಂತಿತು.

ಸಾಸಲಿನವರು ಕುಣಿದಾಡಿದರು. ಹಿಂದಕ್ಕೆ ಯಾಕೆ ಹೋದೆ ಎಂದು ನಮ್ಮವರು ಅವನನ್ನು ಸುತ್ತುವರಿದರು. ಗಾಳಿಯ ಲೆಕ್ಕ ತಪ್ಪಿತು, ಹಿಂದಿನಿಂದ ಎಸೆದರೆ ಹಣ್ಣು ಗಾಳಿಗೇರುತ್ತದೆ ಅಂದುಕೊಂಡೆ ಎಂದ. ಅರವತ್ತಕ್ಕೆ ಅರಳುಮರಳು ಅಂತಾರೆ, ಇವನಿಗೆ ಐವತ್ತಕ್ಕೆ ಮೊದಲೇ ಬಂತು ಎಂದು ಯಾರೋ ನಕ್ಕರು. ಅವನೂ ಅವರ ಜೊತೆ ನಕ್ಕ. ನನಗೆ ನಾಚಿಕೆಯಿಂದ ಅಳು ಬಂತು.

ಕೆರೆ ಏರಿಯ ಮೇಲೆ ಇಬ್ಬರೇ ಆದಾಗ, ತಪ್ಪಾಯ್ತು ಕಣೋ ಎಂದೆ. ಅವನು ನನ್ನ ಹೆಗಲ ಮೇಲೆ ಕೈ ಹಾಕಿದ.

"ಕೈ ಸೋತಿದೆ ಕಣ್ಲಾ, ಕಣ್ಣು ಸೋತಿಲ್ಲ."

ಒಬ್ಬಟ್ಟಿನ ಊಟ ಅವನ ಮನೆಯ ಜಗಲಿಯಲ್ಲೇ ನಡೆಯಿತು. ಮುನಿವೆಂಕಟಪ್ಪ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ಮುಂದಿನ ವರ್ಷ ನನಗೂ ನೀವೇ ಕಾಲಾಗಬೇಕು ಎಂದು ಕೇಳಿದ. ತುಪ್ಪ ಬಡಿಸುತ್ತಾ ಬಂದ ಅಪ್ಪಯ್ಯಣ್ಣ ಅಲ್ಲೇ ನಿಂತ.

"ಬ್ಯಾಡಪ್ಪ, ಇವನು ನನ್ನ ಕಾಲು. ನಿಂಗೆ ನಾನು ನಿಲ್ತೀನಿ."

ಹಾಗೆಂದು, ಬಲಗೈಗೆ ಎಡಗೈಯ ಆಸರೆ ಕೊಟ್ಟು ಸೌಟೆತ್ತಿ, ನನ್ನ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿದ.