ನಾಲ್ಕು ಎಂದ ಪೆಟ್ಟಿಗೆ

ಮೂರು ಪುಸ್ತಕಗಳು ಬಿದ್ದವು. ಪೆಟ್ಟಿಗೆ ನಾಲ್ಕು ಎಂದಿತು.

ಗ್ರಂಥಪಾಲಕಿ ಕನ್ನಡಕವನ್ನು ಹಣೆಗೇರಿಸಿ ಕೆಂಪು ಅಂಕಿಯನ್ನು ನೋಡಿದರು. ಬಳಿಕ ಗೋಡೆಯ ಗಡಿಯಾರವನ್ನು. "ನಾಲ್ಕಕ್ಕೆ ಬಾಗಿಲು ತೆಗೀಬೇಕು ಮಕ್ಕಳೇ. ಅಷ್ಟರಲ್ಲಿ ಸರಿಹೋದ್ರೆ ಇದನ್ನ ಬಾಗಿಲ ಪಕ್ಕ ಕೂರಿಸ್ತೀನಿ. ಇಲ್ಲಾಂದ್ರೆ ನನ್ನ ಹಳೇ ಪೆಟ್ಟಿಗೇನೇ ಸಾಕು."

ಅವರು ಮೆಟ್ಟಿಲಿಳಿದು ಕೆಳಗಿನ ಗ್ರಂಥಾಲಯಕ್ಕೆ ಹೋದರು. ಇಪ್ಪತ್ತೆರಡು ನಿಮಿಷಗಳು ಉಳಿದಿದ್ದವು.

ಓದುಗರು ಹಿಂದಿರುಗಿಸುವ ಪುಸ್ತಕಗಳನ್ನು ತಾನೇ ಎಣಿಸುವ ಈ ಪೆಟ್ಟಿಗೆಗೆ ಮೂವರು ಮಕ್ಕಳ ಎರಡು ತಿಂಗಳ ಶನಿವಾರಗಳು ಸಂದಿದ್ದವು. ಒಳಬದಿಯಲ್ಲಿ ಒಂದು ಪುಟ್ಟ ದೀಪ, ಅದರೆದುರು ಬೆಳಕನ್ನು ಗುರುತಿಸುವ ಸೆನ್ಸರ್. ಬೀಳುವ ಪುಸ್ತಕ ಬೆಳಕಿಗೆ ಅಡ್ಡ ಬಂದರೆ ಅಂಕಿ ಒಂದು ಹೆಚ್ಚಬೇಕು. ಹಲಗೆ ಕೊಯ್ದವರು, ತಂತಿ ಬೆಸೆದವರು, ಪ್ರೋಗ್ರಾಂ ಬರೆದವರು ಎಲ್ಲರೂ ಅವರೇ. ಕಲಿಸುವ ಅಕ್ಕನದು ಒಂದೇ ನಿಯಮ: ಮಕ್ಕಳ ಕೆಲಸ ಕೆಟ್ಟು ನಿಂತಾಗ ಅಕ್ಕನ ಎರಡೂ ಕೈ ಜೇಬಿನಲ್ಲಿ.

ಇಂದು ಆ ನಿಯಮಕ್ಕೆ ಕುತ್ತು ಬಂದದ್ದು ಅವಳ ತಂದೆಯಿಂದ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಅವರು ಮಗಳ ತರಗತಿ ನೋಡಲು ಬಂದದ್ದು ಇದೇ ಮೊದಲು.

"ತಂತಿ ಎಲ್ಲೋ ಸಡಿಲ ಆಗಿದೆ," ಎನ್ನುತ್ತ ಅವರು ಕೈ ಚಾಚಿದರು. "ಕೊಡಿ ಇಲ್ಲಿ."

ಆ ಮಾತು ಮಗಳಿಗೆ ಬಾಲ್ಯದಿಂದಲೂ ಕಂಠಪಾಠ. ಬಿಚ್ಚಿದ ಅಲಾರಾಂ ಗಡಿಯಾರದ ಮುಂದೆ ಅವಳು ಎಷ್ಟು ಸಲ ಕುಳಿತಿದ್ದಳೋ ಅಷ್ಟೂ ಸಲ "ಕೊಡು ಇಲ್ಲಿ" ಎಂಬುದು ಕೇಳಿಸಿ, ಸ್ಕ್ರೂಡ್ರೈವರ್ ಅವಳ ಕೈಬಿಟ್ಟು ಹೋಗಿತ್ತು. ಗಡಿಯಾರಗಳೆಲ್ಲ ನಡೆದವು. ಅವಳು ಒಂದನ್ನೂ ನಡೆಸಲಿಲ್ಲ.

"ಅಪ್ಪಾ, ಕೈ ಜೇಬಲ್ಲಿ."

"ಎರಡು ನಿಮಿಷದ ಕೆಲಸ ಕಣೇ."

"ಗೊತ್ತು. ಅದಕ್ಕೇ ಹೇಳ್ತಿರೋದು."

ಅಪ್ಪ ಮುಖ ಗಂಟಿಕ್ಕಿಕೊಂಡು ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿದರು. ಜೇಬಿನೊಳಗೆ ಅವಳ ಬೆರಳುಗಳೂ ಸುಮ್ಮನಿರಲಿಲ್ಲ. ದೋಷ ತಂತಿಯದೇ ಎಂದು ಅವಳಿಗೂ ಅನ್ನಿಸಿತ್ತು. ಇನ್ನು ಉಳಿದದ್ದು ಹದಿನೈದು ನಿಮಿಷ.

"ತೆಳ್ಳಗಿನ ಎರಡನ್ನ ಸರಿಯಾಗೇ ಎಣಿಸ್ತು," ಎಂದಳು ಮೂವರಲ್ಲಿ ಬಾಯಿಗೆ ಬಿಡುವಿಲ್ಲದ ಚಿನಕುರುಳಿ. "ದಪ್ಪ ನಿಘಂಟಿಗೆ ಮಾತ್ರ ಎರಡು ಅಂತು. ನಾವೇ ಪೆಟ್ಟಿಗೆ ಆಗೋಣ. ಲೇ ಸೋಡಾಬುಡ್ಡಿ, ನೀನು ಸೆನ್ಸರ್."

"ಇರೋ ನಾಲ್ಕು ಕಣ್ಣೂ ಅದಕ್ಕೇ ತಾನೆ," ಎಂದು ದಪ್ಪ ಕನ್ನಡಕದ ಹುಡುಗ ಮೇಜಿನಂಚಿಗೆ ಗಲ್ಲವಿಟ್ಟು ಕಿಟಕಿಯ ಬೆಳಕನ್ನೇ ದಿಟ್ಟಿಸಿದ. ಎಲ್ಲರ ತಪ್ಪು ತಿದ್ದುವುದರಿಂದ ಮೇಷ್ಟ್ರು ಎನಿಸಿಕೊಂಡಿದ್ದ ಮೂರನೆಯವಳು ಪ್ರೋಗ್ರಾಂ ಬರೆದ ಹಾಳೆ ಹಿಡಿದು ಓದಿದಳು: "ಕತ್ತಲಾದ್ರೆ ಒಂದು ಸೇರಿಸು."

ಚಿನಕುರುಳಿ ನಿಘಂಟನ್ನು ಬೆನ್ನು ಮೇಲಾಗಿ ಹಿಡಿದು ಅವನ ಮೂಗಿನ ಮುಂದೆ ಇಂಚಿಂಚಾಗಿ ಇಳಿಸಿದಳು. ರಟ್ಟುಗಳು ಬಾಯಿ ತೆರೆದವು; ಹಾಳೆಗಳು ಜೋತಾಡಿದವು.

"ಕತ್ತಲು," ಎಂದ ಸೋಡಾಬುಡ್ಡಿ. "ಬೆಳಕು. ಏ, ಮತ್ತೆ ಕತ್ತಲು."

ಮೂವರೂ ಒಮ್ಮೆಲೇ ತಲೆಯೆತ್ತಿದರು.

"ಬೀಳ್ತಾ ಬೀಳ್ತಾ ತೆರ್ಕೊಳ್ಳುತ್ತೆ! ಸಂದಿಯಿಂದ ಬೆಳಕು ಬರುತ್ತೆ!"

"ಹಾಗಿದ್ರೆ ಒಂದು ಎಣಿಸಿದ ಮೇಲೆ ಅದು ಅರ್ಧ ಸೆಕೆಂಡ್ ಕಣ್ಣು ಮುಚ್ಕೊಂಡಿರ್ಲಿ," ಎಂದಳು ಮೇಷ್ಟ್ರು.

"ಅಷ್ಟರಲ್ಲಿ ಇನ್ನೊಂದು ಬಿದ್ರೆ?" ಪ್ರಶ್ನೆ ಗಡಿಯಾರದ ತಾತನದು. ಕೈಗಳು ಜೇಬಿನಲ್ಲಿದ್ದರೂ ಅವರು ಮೇಜಿನ ಮೇಲೆ ಪೂರ್ತಿ ಬಾಗಿದ್ದರು.

"ಇರೋದು ಒಂದೇ ಕಿಂಡಿ ತಾತ. ಎರಡನೇದನ್ನ ತೂರಿಸೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು."

ತಾತ ಯೋಚಿಸಿದರು. ತಲೆದೂಗಿದರು.

ಮೇಷ್ಟ್ರು ಹೊಸ ಸಾಲು ಸೇರಿಸಿ ಪ್ರೋಗ್ರಾಮನ್ನು ಪೆಟ್ಟಿಗೆಗೆ ತುಂಬಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಪರೀಕ್ಷಿಸಿ ನೋಡಲು ಸಮಯವಿರಲಿಲ್ಲ. ಗ್ರಂಥಪಾಲಕಿ ಒಳಬಂದವರೇ ತೆಳ್ಳಗಿನ ಎರಡನ್ನು ಹಾಕಿದರು. ಎರಡು. ಕೊನೆಗೆ ನಿಘಂಟು ದಡಾರನೆ ಬಿತ್ತು. ಅಂಕಿ ಒಮ್ಮೆ ಮಿನುಗಿತು.

ಮೂರು.

ಮಕ್ಕಳ ಕೇಕೆಗೆ ಕಿಟಕಿಯ ಗಾಜು ಅದುರಿತು. ಗ್ರಂಥಪಾಲಕಿ ತಾತನತ್ತ ತಿರುಗಿ ಮುಗುಳ್ನಕ್ಕರು. "ರಿಪೇರಿಯವರು ಬಂದಿದ್ದು ಒಳ್ಳೇದಾಯ್ತು. ನಿಮ್ಮ ಕೈಗುಣ ತಾನೆ?"

ಅಂಗಡಿಯಲ್ಲಿ ಸತ್ತ ಗಡಿಯಾರವೊಂದು ಮತ್ತೆ ಟಿಕ್‌ಟಿಕ್ ಎಂದಾಗ "ನಾನೇ ಮಾಡಿದ್ದು" ಎನ್ನುತ್ತಿದ್ದ ಅದೇ ಗತ್ತಿನಿಂದ ಅಪ್ಪ ಎದೆಯೆತ್ತಿ ನಿಂತರು.

"ನಾನು ಮುಟ್ಟಿಲ್ಲ ಕಣಮ್ಮ," ಎಂದರು. "ನನ್ನ ಮಗಳೂ ಮುಟ್ಟಿಲ್ಲ."