ಹ್ಯಾಟಿಗೆ ಗಂಡು ನೋಡಿದ್ದು

ಯಾವ ವಿಷಯವನ್ನೂ ಎಳೆದಾಡುತ್ತ ಕೂರುವವಳು ನಾನಲ್ಲ. ಇಪ್ಪತ್ತೆರಡು ವರ್ಷ ಓಹಾಯೊದ ಹಿಮದಲ್ಲಿ ಶಾಲೆಯ ಬಸ್ಸು ಓಡಿಸಿದವಳು. ತಿರುಗಿಸಬೇಕಾದಲ್ಲಿ ತಿರುಗಿಸಬೇಕು, ನಿಲ್ಲಿಸಬೇಕಾದಲ್ಲಿ ನಿಲ್ಲಿಸಬೇಕು, ಅಷ್ಟೆ. ಹಾಗಾಗಿ ಸೆಪ್ಟೆಂಬರಿನ ಒಂದು ಭಾನುವಾರ, ಹಾವು ಸಾಕಿ ಮಾರುವ ಡೆಲ್ಬರ್ಟ್ ಕಿನ್ಸರ್ ನಮ್ಮ ಅಡುಗೆಮನೆಯಲ್ಲಿ ಕೂತು, ನಿನ್ನ ಹಾವಿಗೆ ನನ್ನ ಗಂಡು ಕೊಡುತ್ತೇನೆ ಎಂದಾಗ, ಅವನ ಕಾಫಿ ಆರುವ ಮೊದಲೇ ಹೂಂ ಎಂದುಬಿಟ್ಟೆ.

ನನ್ನ ಹಾವಿನ ಹೆಸರು ಹ್ಯಾಟಿ. ಹೆದರಿದರೆ ಚೆಂಡಿನ ಹಾಗೆ ಮುದುಡಿಕೊಳ್ಳುವ ಜಾತಿಯ ಪುಟ್ಟ ಹೆಬ್ಬಾವು. ಮೈತುಂಬ ಜೇಡರಬಲೆಯಂಥ ಸಣ್ಣ ಕಪ್ಪು ಗೆರೆಗಳು. ಹಾವು ಸಾಕುವ ನಮ್ಮವರು ಇಂಥದ್ದಕ್ಕೆ ಸ್ಪೈಡರ್ ಎನ್ನುತ್ತಾರೆ. ಆರು ವರ್ಷದ ಹಿಂದೆ ಹಾವಿನ ಸಂತೆಯಲ್ಲಿ ಡೆಲ್ಬರ್ಟನ ಮೇಜಿನ ಮೇಲೆ, ಪ್ಲಾಸ್ಟಿಕ್ ಡಬ್ಬಿಯೊಳಗಿಂದ ತಲೆ ತೂಗುತ್ತ ನನ್ನನ್ನು ನೋಡಿದ್ದಳು. ಸ್ಪೈಡರ್‌ಗಳೆಲ್ಲ ಹಾಗೆ ಒಂದಿಷ್ಟು ತಲೆ ಆಡಿಸುತ್ತವೆ. ನಮ್ಮವರು ಅದನ್ನು ಕುಣಿತ ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಅವಳಿಗೆ ಹಳ್ಳಿಯ ಹಾಡು ಇಷ್ಟ, ಅದಕ್ಕೇ ತಾಳ ಹಾಕುತ್ತಾಳೆ ಎಂದು ಬಸ್ಸಿನ ಮಕ್ಕಳಿಗೆಲ್ಲ ಹೇಳಿದ್ದೆ.

"ಇಂಥ ಗೆರೆ ಇಡೀ ಕೌಂಟೀಲಿ ಇನ್ನೊಂದಿಲ್ಲ ಕಣೆ ಗ್ವೆನ್," ಎಂದ ಡೆಲ್ಬರ್ಟ್. "ಇಂಥವಳನ್ನ ತೊಡೆ ಮೇಲೆ ಹಾಕ್ಕೊಂಡು ಟೀವಿ ನೋಡ್ತಾ ಕೂತಿದೀಯಲ್ಲ!"

"ಟೀವಿ ಅವಳಿಗಿಷ್ಟ."

"ನವೆಂಬರಲ್ಲಿ ಗಂಡನ್ನ ತಂದು ಬಿಡ್ತೀನಿ. ಮರಿ ಸಮಪಾಲು. ಮೊದಲು ಆರಿಸ್ಕೊಳ್ಳೋ ಹಕ್ಕು ಹೆಣ್ಣಿನ ಕಡೆಯವರದು. ಪದ್ಧತಿ ಅಂದ್ಮೇಲೆ ಪದ್ಧತಿ."

ನನ್ನ ಗಂಡ ಹಾರ್ಲನ್ ಪತ್ರಿಕೆ ಮಡಿಸಿಟ್ಟ. "ಹಾವು ಸಾಕ್ತೀಯೋ, ಹಾವಿನ ಅಂಗಡಿ ಇಡ್ತೀಯೋ? ಒಂದನ್ನ ತೀರ್ಮಾನ ಮಾಡು."

"ಆಯ್ತಲ್ಲ ತೀರ್ಮಾನ. ನಿನ್ನ ಗಾಳ, ಬುಟ್ಟಿ ಎಲ್ಲ ಹಿಂದಿನ ರೂಮಿಂದ ತೆಗಿ."

ಆ ವಾರವಿಡೀ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ. ಕೆಟ್ಟು ಕೂತಿದ್ದ ಹಳೇ ಫ್ರಿಜ್ಜಿಗೆ ಬಿಸಿ ತಂತಿ ಹಾಕಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡಿದೆ. ಗೋಡೆಗೆ ಹಲಗೆ ಹೊಡೆದೆ. ಹ್ಯಾಟಿಯ ಮರಿಗಳು ಎಂದು ಬೋರ್ಡು ಬರೆಸುವ ಆಸೆಯೂ ಆಯಿತು, ನಾಚಿಕೆಯಿಂದ ಸುಮ್ಮನಾದೆ.

ಶನಿವಾರ ಗಂಡು ನೋಡಲು ಡೆಲ್ಬರ್ಟನ ಗ್ಯಾರೇಜಿಗೆ ಹೋದೆ. ಗೋಡೆಯುದ್ದಕ್ಕೂ ಡ್ರಾಯರುಗಳು, ಒಂದೊಂದರಲ್ಲಿ ಒಂದೊಂದು ಹಾವು. ಗಂಡು ಚೆನ್ನಾಗಿಯೇ ಇತ್ತು, ದಪ್ಪ ಕುತ್ತಿಗೆ, ಶಾಂತ ಸ್ವಭಾವ. ಅವತ್ತು ಮರಿಗಳಿಗೆ ಇಲಿ ಕೊಡುವ ದಿನ. ಬೇಸಿಗೆಯಲ್ಲಿ ಹುಟ್ಟಿದ ಸ್ಪೈಡರ್ ಮರಿಗಳು ಮೂರಿದ್ದವು. ಡೆಲ್ಬರ್ಟ್ ಚಿಮಟದಲ್ಲಿ ಇಲಿ ಹಿಡಿದು ಕೊಟ್ಟ. ಎರಡು ಮರಿ ಒಂದೆರಡು ಸಲ ಗುರಿ ತಪ್ಪಿ, ಆಮೇಲೆ ಕಚ್ಚಿಕೊಂಡವು.

ಮೂರನೆಯದು ತಲೆ ಎತ್ತಿತು. ಎತ್ತಿದ ತಲೆ ತಿರುಚಿಕೊಂಡು ಹೊಟ್ಟೆ ಮೇಲಾಯಿತು. ಎದ್ದು ಮತ್ತೆ ಹಾರಿ ಡ್ರಾಯರಿನ ಗೋಡೆಗೆ ಬಡಿದುಕೊಂಡಿತು.

"ಇವನೊಬ್ಬ ಕುಡುಕ," ಎಂದ ಡೆಲ್ಬರ್ಟ್. ನಾನೂ ನಕ್ಕೆ. ನಕ್ಕಿದ್ದು ನಿಜ, ಮುಚ್ಚಿಡುವುದಿಲ್ಲ.

ಮೂರನೆಯ ಸಲ ಹಾರಿದಾಗ ಅದು ತನ್ನದೇ ಪಕ್ಕೆಯನ್ನು ಕಚ್ಚಿತು. ಬಿಡಿಸಿಕೊಳ್ಳಲೂ ಬಾರದೆ ಒದ್ದಾಡಿತು. ಡೆಲ್ಬರ್ಟ್ ಮೆಲ್ಲಗೆ, ತುಂಬ ಮೆಲ್ಲಗೆ, ಬೆರಳಿನಿಂದ ಬಾಯಿ ಬಿಡಿಸಿದ. ಆಮೇಲೆ ಡ್ರಾಯರಿಗೆ ಅಂಟಿಸಿದ ಚೀಟಿಯ ಮೇಲೆ ಒಂದು ಅಡ್ಡಗೆರೆ ಎಳೆದ. ಅದು ಆರನೆಯ ಗೆರೆ.

"ಆರು ವಾರದಿಂದ ತಿಂದಿಲ್ವ?"

"ಊಹೂಂ."

"ಇನ್ನು?"

ಅವನು ಮೂಲೆಯಲ್ಲಿ ಇಲಿಗಳನ್ನು ಇಡುವ ಫ್ರೀಜರಿನ ಕಡೆ ನೋಡಿದ. "ಅದರಲ್ಲಿಟ್ರೆ ನಿದ್ದೆ ಬಂದ ಹಾಗೆ ಹೋಗ್ಬಿಡ್ತವೆ ಅಂತಾರೆ," ಎಂದ ಕೊನೆಗೆ.

"ಯಾರು ಅಂತಾರೆ? ಹೋದ ಹಾವು ಎದ್ದು ಬಂದು ಹೇಳ್ತಾ?"

"ಗ್ವೆನ್..."

"ಹ್ಯಾಟಿಗೆ ಆರು ಮರಿ ಆದ್ರೆ, ಹೀಗೆ ಎಷ್ಟು?"

"ಗೆರೆ ಬರೋದು ಹೆಚ್ಚುಕಮ್ಮಿ ಅರ್ಧಕ್ಕೆ. ಗೆರೆ ಬಂತು ಅಂದ್ರೆ ನಡುಕ ಬಂತು ಅಂತಾನೇ. ಹ್ಯಾಟಿ ಥರ ಆಗುತ್ತೋ, ಇವನ ಥರ ಆಗುತ್ತೋ, ಹುಟ್ಟಿದ್ಮೇಲೇ ಗೊತ್ತಾಗೋದು."

ನಡುಕ ಎಂದ. ಕುಣಿತ ಎನ್ನಲಿಲ್ಲ. ಆರು ವರ್ಷದಲ್ಲಿ ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ವಾರಕ್ಕೊಮ್ಮೆ ಹ್ಯಾಟಿ ಇಲಿಯ ಗುರಿ ತಪ್ಪಿದಾಗ ಅವಳ ಬಾಯಿಯ ಹತ್ತಿರಕ್ಕೇ ಹಿಡಿದು, ಕುಣಿದದ್ದು ಸಾಕು, ತಿನ್ನೇ ಎನ್ನುತ್ತಿದ್ದವಳು ನಾನೇ. ಅವಳ ಕಷ್ಟಕ್ಕೆ ಚಂದದ ಹೆಸರಿಟ್ಟು ಆರು ವರ್ಷ ನಕ್ಕಿದ್ದೆ. ಮೈಯೆಲ್ಲ ಹಿಡಿಯಷ್ಟಾಯಿತು.

"ಗಂಡು ಬೇಡ ಡೆಲ್ಬರ್ಟ್."

"ಇವನು ಬೇಡ್ವಾ? ಇನ್ನೊಬ್ಬನಿದಾನೆ, ತೋರಿಸ್ತೀನಿ ತಾಳು."

"ನಿನ್ನ ಗಂಡಿಗೇನಾಗಿದೆ, ರಾಜನ ಹಾಗಿದಾನೆ. ಗೆರೆ ಇರೋದು ನಮ್ಮ ಹುಡುಗಿಗೆ. ಅವಳು ನನ್ನ ತೊಡೆ ಮೇಲೇ ಇರ್ತಾಳೆ. ಆ ಮರೀನ ಇತ್ಲಾಗೆ ಕೊಡು."

"ಯಾವುದನ್ನ, ಕುಡುಕನ್ನ? ಇದು ಉಳಿಯಲ್ಲ ಮಾರಾಯ್ತಿ."

"ಪ್ರಾಣಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ತಿನ್ನಿಸೋಕಾದ್ರೆ ತಿನ್ನಿಸ್ತಾರೆ. ಆಗಲ್ಲ ಅಂದ್ರೆ ಅವರೇ ಸೂಜಿ ಹಾಕಿ ಮಲಗಿಸ್ಲಿ. ಫ್ರೀಜರ್ ಬೇಡ."

ಅವನ ಕಿವಿ ಕೆಂಪಾದವು. ಡೆಲ್ಬರ್ಟನಿಗೆ ಸಿಟ್ಟು ಬಂದರೆ ಮೊದಲು ಕಿವಿಗೆ ಬರುತ್ತದೆ.

"ಹಂಗಾದ್ರೆ ಒಂದು ಕೇಳ್ತೀನಿ, ಹೇಳು," ಎಂದ. "ನಿನ್ನ ಹ್ಯಾಟೀನ ಮೊಟ್ಟೆಯಿಂದ ಎತ್ತಿದ್ದು ಈ ಕೈ. ಅವಳಮ್ಮನಿಗೂ ಗೆರೆ ಇತ್ತು. ಅವತ್ತು ನಾನೂ ನಿನ್ನ ಹಾಗೆ ಬೇಡ ಅಂದಿದ್ರೆ ಅವಳು ಇರ್ತಿರಲಿಲ್ಲ. ಹ್ಯಾಟಿ ಹುಟ್ಟಬಾರದಿತ್ತು ಅಂತೀಯಾ? ನನ್ನ ಮುಖ ನೋಡಿ ಹೇಳು."

ನೋಡಿದೆ. ಅವನು ಕೇಳಿದ್ದು ಕೀಟಲೆಯಲ್ಲ. ಅವನಿಗೂ ಉತ್ತರ ಬೇಕಾಗಿತ್ತು.

"ಹುಟ್ಟಬಾರದಿತ್ತು," ಎಂದೆ.

ಡೆಲ್ಬರ್ಟ್ ಒಂದು ಡಬ್ಬಿಯಲ್ಲಿ ಒಣ ಬಟ್ಟೆ ಹಾಸಿ, ಮರಿಯನ್ನು ಮಲಗಿಸಿ, ಮುಚ್ಚಳ ಹಾಕಿ ನನ್ನ ಕೈಗಿಟ್ಟ. ಕಾರಿನ ತನಕ ಬಂದು ಬಾಗಿಲೂ ತೆಗೆದುಕೊಟ್ಟ.

ಹೇಳಿದ್ದರಲ್ಲಿ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಇವತ್ತಿಗೂ. ಆದರೆ ಅವತ್ತು ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ, ಒಳಗೆ ಹೋಗಿ ಹ್ಯಾಟಿಯ ಮುಖ ನೋಡಲು ನನಗೆ ಅರ್ಧ ಗಂಟೆ ಹಿಡಿಯಿತು.