ಕುದುರೆಗೆ ಕಲಿಸಿದ ಕನ್ನಡ

"'ನಡಿಯವ್ವಾ' ಅಂದರೆ ನಿಮ್ಮ 'ಚಲೋ', ನಡೀತಾಳೆ. 'ಸಾವಕಾಶ' ಅಂದರೆ ನಿಮ್ಮ 'ಧೀರೆ'. 'ಹೊಳ್ಳು' ಅಂದರೆ ತಿರುಗ್ತಾಳೆ. ಹೇಳು ನೋಡೋಣ."

"ಸಾವಕಾಸ್," ಎಂದ ಕಾಸಂಭಾಯಿ. ಹೊಸ ಮಾಲೀಕರ ಕುದುರೆ ನೋಡಿಕೊಳ್ಳುವವನು ಅವನು. ಬಾಯಲ್ಲಿ ಅಡಿಕೆ ಇದ್ದುದರಿಂದ ಮಾತು ಅರ್ಧ ಅಲ್ಲೇ ಉಳಿಯಿತು. ಭೀಮಸೇನ ಇನ್ನೊಮ್ಮೆ ಹೇಳಿಸಿದ.

ವಿಮಾ ಕಚೇರಿಯ ಗುಮಾಸ್ತ ಭೀಮಸೇನನಿಗೆ ಕುದುರೆ ಮಾರುವುದು ಹೊಸದಲ್ಲ. ಸೈನ್ಯದ ಕುದುರೆ ಪಡೆಯಲ್ಲಿದ್ದು ಬಂದವನು. ರಾಜಮನೆತನಗಳ ಲಾಯಗಳು ಖಾಲಿಯಾಗುತ್ತಿದ್ದ ಆ ವರ್ಷಗಳಲ್ಲಿ ಇಂಗ್ಲಿಷ್ ತಳಿಯ ಸವಾರಿ ಕುದುರೆಗಳನ್ನು ಒಂದೊಂದಾಗಿ ಕೊಂಡು, ಬಡೋದೆಯ ಫತೇಗಂಜ್ ಬಡಾವಣೆಯ ಬಾಡಿಗೆ ಮನೆಯ ಹಿತ್ತಲಲ್ಲಿ ಪಳಗಿಸಿ, ಬೆಳಗಿನ ಸವಾರಿಯ ಶೋಕಿ ಹತ್ತಿದ ಊರಿನ ಶೇಠರಿಗೆ ಮಾರುತ್ತಿದ್ದ. ಪಳಗಿಸುವುದೆಲ್ಲ ಬಾಗಲಕೋಟೆಯ ಕನ್ನಡದಲ್ಲಿ. ಮಾರಿದ ಮೇಲೆ ಕೊಂಡವರ ಆಳಿಗೆ ಆ ಮಾತುಗಳನ್ನು ಬಾಯಿಪಾಠ ಮಾಡಿಸಿ ಕಳಿಸುವುದು ಅವನ ಪದ್ಧತಿ.

"ಈ ಊರಾಗ ನಿಮ್ಮ ಕನ್ನಡ ತಿಳಿಯೋದು ಕುದುರಿಗಷ್ಟ," ಎಂದು ಹೆಂಡತಿ ರಮಾಮಣಿ ಚುಚ್ಚುತ್ತಿದ್ದಳು. ಸುಳ್ಳೇನಲ್ಲ. ಮಗಳು ನಳಿನಿ, ಕನ್ನಡದಲ್ಲಿ ಕೇಳಿದ್ದಕ್ಕೂ ಗುಜರಾತಿಯಲ್ಲೇ ಉತ್ತರ ಕೊಡುವವಳು.

ಈಗ ಕಾಸಂಭಾಯಿ ಒಯ್ಯಲು ಬಂದಿದ್ದ ಈ ಹೆಣ್ಣು ಕುದುರೆಯ ಕಥೆ ಬೇರೆ. ಡೈಸಿಯಾಗಿ ಬಂದವಳು ತಂಗೆವ್ವನಾಗಿ ವರ್ಷಗಟ್ಟಲೆ ಉಳಿದಳು. ಗಿರಾಕಿ ಬಂದಾಗಲೆಲ್ಲ ಭೀಮಸೇನನಿಗೆ ಒಂದು ನೆವ ಸಿಗುತ್ತಿತ್ತು. ಈಗ ಸೂರತ್ತಿಗೆ ವರ್ಗವಾಗಿತ್ತು. ಅಲ್ಲಿ ಸಿಕ್ಕಿದ್ದು ಮಾಳಿಗೆಯ ಮೇಲಿನ ಎರಡು ಕೋಣೆ. ನೆವಗಳೆಲ್ಲ ಮುಗಿದಿದ್ದವು.

ಕಾಸಂಭಾಯಿ ಹಗ್ಗ ಹಿಡಿದು ಹೊರಟ. ಭೀಮಸೇನ ಒಳಗೆ ಬಂದು ಕೂತ, ಎದ್ದ, ಹಿತ್ತಲಿಗೆ ಹೋಗಿ ಹುಲ್ಲಿನ ಸಿವುಡನ್ನೆತ್ತಿ ಅಲ್ಲೇ ಇಟ್ಟ. ಚಹಾ ಬೇಡವೆಂದ, ಮರುಗಳಿಗೆಯಲ್ಲಿ ಚಹಾ ಎಲ್ಲಿ ಎಂದ.

"ಎಲ್ಲಾ ಮಾತು ಕಲಿಸಿದ್ರಿ. ಅಕಿ ಅಂಜಿದಾಗ ಹೇಳೂ ಮಾತು ಕಲಿಸಲಿಲ್ಲಲ್ರಿ," ಎಂದಳು ರಮಾಮಣಿ.

"ಮರತೆ."

"ನನ್ನ ಮುಂದ ನಾಟಕ ಬ್ಯಾಡ. ಎಂಜಿನ್ ಸಪ್ಪಳ ಕೇಳಿದರ ಹುಚ್ಚು ಹಿಡಿದಂಗ ಮಾಡ್ತಾಳ. ಅವರು ಹೋಗೂ ದಾರ್ಯಾಗ ರೈಲ್ವೆ ಗೇಟ್ ಅದ."

ಮರೆತಿರಲಿಲ್ಲ. ಅದೊಂದಾದರೂ ತನ್ನ ಬಳಿ ಉಳಿಯಲೆಂದು ಇಟ್ಟುಕೊಂಡಿದ್ದ. ಅದು ಪ್ರೀತಿಯೋ ಹೊಟ್ಟೆಕಿಚ್ಚೋ ಅವನಿಗೇ ತಿಳಿಯದು. ಈಗ ಚಪ್ಪಲಿಯನ್ನೂ ಮೆಟ್ಟದೆ ಸೈಕಲ್ ಹತ್ತಿದ.

ಗೇಟು ಹಾಕಿತ್ತು. ಲಾರಿ, ಒಂಟೆ ಗಾಡಿಗಳ ನಡುವೆ ತಂಗೆವ್ವ ಮುಂಗಾಲೆತ್ತಿ ನಿಂತಿದ್ದಳು. ಕಾಸಂಭಾಯಿ ಹಗ್ಗಕ್ಕೆ ಜೋತುಬಿದ್ದು "ಸಾವಕಾಸ್, ಸಾವಕಾಸ್" ಎನ್ನುತ್ತಿದ್ದ. ದೂರದಲ್ಲಿ ಗೂಡ್ಸ್ ಗಾಡಿ ಇನ್ನೊಮ್ಮೆ ಕೂಗಿತು. ಅವಳು ಬಿಡಿಸಿಕೊಂಡರೆ ನೇರ ಹಳಿಯ ಮೇಲೆಯೇ.

ಭೀಮಸೇನನ ನಾಲಿಗೆಯ ತುದಿಗೆ ಮಾತು ಬಂದಿತ್ತು. ತಾನು ಹೇಳಿದರೆ ಅವಳು ಈಗಲೇ ನಿಲ್ಲುತ್ತಾಳೆ. ನಾಳೆ? ಮಾತನ್ನು ನುಂಗಿಕೊಂಡು, ಅವಳ ಕಣ್ಣಿಗೆ ಬೀಳದಂತೆ ಹಿಂದಿನಿಂದ ಹೋಗಿ, ಕಾಸಂಭಾಯಿಯ ಕಿವಿಗೆ ಬಾಯಿಟ್ಟ.

"ಅಂಜಬ್ಯಾಡ, ನಾ ಅದೀನಲ್ಲ. ಹಿಂಗ ಹೇಳು."

"ಅಂಜಬ್ಯಾಡ್, ನಾ ಅದಿನಲ್ಲ," ಎಂದ ಕಾಸಂಭಾಯಿ. ಮತ್ತೆ ಹೇಳಿದ, ಮತ್ತೊಮ್ಮೆ ಹೇಳಿದ.

ತಂಗೆವ್ವನ ಕಿವಿಗಳು ಅವನತ್ತ ತಿರುಗಿದವು. ಮುಂಗಾಲು ನೆಲಕ್ಕೆ ಬಂತು. ಗಾಡಿ ಧಡಧಡನೆ ಹಾಯುವಾಗ ಅವಳು ನಡುಗುತ್ತಲೇ ಮೂತಿಯನ್ನು ಕಾಸಂಭಾಯಿಯ ಹೆಗಲಿಗೆ ಒತ್ತಿದಳು.

"ಇದರ ಅರ್ಥ ಏನು, ಸಾಹೇಬ್?" ಅವನು ಬೆವರು ಒರೆಸಿಕೊಂಡ.

"ನಿಲ್ಲು ಅಂತ," ಎಂದ ಭೀಮಸೇನ.

ಗೇಟು ಎದ್ದಿತು. ಕಾಸಂಭಾಯಿ ಅದೇ ಮಾತನ್ನು ಗುನುಗುತ್ತ ಹಳಿ ದಾಟಿದ. ಅವಳು ಅವನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದಳು. ಭೀಮಸೇನ ಸೈಕಲ್ ಹಿಡಿದು ದಾರಿಯ ನಡುವೆಯೇ ನಿಂತಿದ್ದ. ಹಿಂದಿನ ಗಾಡಿಯವನು "ಖಸೋ ಭಾಯಿ, ಖಸೋ" ಎಂದಾಗ ಪಕ್ಕಕ್ಕೆ ಸರಿದ.